ಶಿಲೆಯೂ ಸಭೆಯೂ

ಇತಿಹಾಸ ಸಂಘಗಳ ಕಾರ್ಯವು ಎರಡು ವಿಧವಾದುದೆಂದು ಸಾಮಾನ್ಯವಾಗಿ ಹೇಳುವುದುಂಟು. ಶಾಸನ, ತಾಳೆಗರಿ, ನಾಣ್ಯ, ಕಡತ ಮುಂತಾದ ಸಾಮಗ್ರಿಗಳನ್ನು ಅರಸಿ, ಓದಿ, ತೂಗಿ ನೋಡಿ ಪ್ರಕಟಿಸುವುದು ಒಂದು; ಸಭೆಗಳನ್ನು ನೆರೆಯಿಸಿ, ಉಪನ್ಯಾಸಗಳ ಮೂಲಕ ಪೂರ್ವವೃತ್ತಾಂತವನ್ನು ಜನರಿಗೆ ತಿಳಿಸುವುದು ಇನ್ನೊಂದು. ಮೊದಲನೆಯದು ವಿದ್ವಾಂಸರ ಕೆಲಸವಾದುದರಿಂದ ಅದೇ ಮುಖ್ಯ, ಎರಡನೆಯದು ವಾರ್ಷಿಕೋತ್ಸವದ ತೋರಣದಂತೆ ಶೋಭೆಗಾಗಿ ಮಾತ್ರ, ಎಂಬ ಭಾವನೆಯು ತಿಳಿದವರಲ್ಲಿಯೂ ಬೇರೂರಿದೆ. ಈ ಭಾವನೆಯು ಯುಕ್ತವಲ್ಲವೆಂದೂ, ಸಭೆಯನ್ನು ಮರೆತ ಸಂಶೋಧನೆಯು ಕಾಲಕ್ರಮದಲ್ಲಿ ತನ್ನ ಸಾಮಗ್ರಿಯನ್ನೇ ಕಳೆದುಕೊಳ್ಳುವುದೆಂದೂ ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಾಸನದ ಸ್ವರೂಪವನ್ನೇ ವಿಚಾರಿಸೋಣ. ತಾಮ್ರಶಾಸನವು ದಾನ ಪಡೆದವನ ಹಕ್ಕುಪತ್ರ. ಅವನ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿರತಕ್ಕದ್ದು. ಶಿಲಾಶಾಸನವಾದರೋ ದೇವಾಲಯದ ಮುಂದೆ, ಕೆರೆಯ ಏರಿಯ ಮೇಲೆ, ಊರ ಬಾಗಿಲಿನಲ್ಲಿ, ನಾಲ್ವರು ಓಡಾಡುವ ಎಡೆಯಲ್ಲಿ ನಿಲ್ಲತಕ್ಕದ್ದು. ಅದರಲ್ಲಿ ರಾಜನ ಬಿರುದಾವಳಿಯಿರುವಂತೆಯೇ ಗದ್ದೆಯ ಚತುಸ್ಸೀಮೆಯೂ, ಸಾಕ್ಷಿಗಳಾದ ಗಾವುಂಡರ ಹೆಸರುಗಳೂ ಇರುತ್ತವೆ. ಕಟ್ಟಕಡೆಗೆ ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಭಾಗಿಯಾಗುವನೆಂಬ ಶಾಪವು ಬರುತ್ತದೆ. ಅಕ್ಷರ ಬಲ್ಲವರು ಅಂದು ಕೆಲವರೇ ಆಗಿದ್ದರೂ ಕಲ್ಲಿನ ತಾತ್ಪರ್ಯವನ್ನು ಊರಿಗೆ ಊರೇ ಅರಿತಿರಬೇಕು. ಇಲ್ಲವಾದರೆ ಸಾಕ್ಷಿಗಳಿಗೆ ಅರ್ಥವೇನು? ಶಾಪಕ್ಕೆ ಬಲವೆಲ್ಲಿಯದು? ಆದಕಾರಣ ಶಾಸನವು ಹುಟ್ಟುವಾಗಲೇ ಒಂದು ಸಭೆಯ ಎದುರಿನಲ್ಲಿ ಹುಟ್ಟಿತು. ಆ ಸಭೆಯು ಚದುರಿದ ಮೇಲೆ, ಓದುವವರಿಲ್ಲದೆ, ಶಾಸನವು ಬರಿಯ ಕಲ್ಲಾಯಿತು.

ಹೀಗೆ ಮೂಕವಾದ ಕಲ್ಲುಗಳಲ್ಲಿ ಅಶೋಕನ ಸ್ತಂಭಗಳು ಅಗ್ರಗಣ್ಯವಾದುವು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಎರಡು ಸ್ತಂಭಗಳನ್ನು ದೆಹಲಿಗೆ ತರಿಸಿ ನಿಲ್ಲಿಸಿದಾಗ ಅವುಗಳ ಮೇಲಣ ಬರೆಹವನ್ನು ಓದಬಲ್ಲವರು ಒಬ್ಬರೂ ದೊರೆಯಲಿಲ್ಲ. ೧೭೮೪ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದನು. ಭಾರತದ ಪೂರ್ವೇತಿಹಾಸದ ಶೋಧನೆಗೆ ಆ ಸಂಘವು ಮಾಡಿದ ಉಪಕಾರವು ಅಲ್ಪವಲ್ಲ. ಅದರ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಪ್ರಿನ್ಸೆಪನು ೧೮೩೭ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದನು. ಇಲ್ಲಿ ವಾಚಕರು ಗಮನಿಸತಕ್ಕ ಒಂದು ವಿಶೇಷವಿದೆ. ಅವನಿಗೆ ಕೀಲಿಕೈಯಾಗಿ ಒದಗಿದವು ಸಾಂಚಿಯ ಸ್ತೂಪದ ಕಟಕಟೆಯ ಮೇಲಣ ಚಿಕ್ಕ ಚಿಕ್ಕ ಬರೆಹಗಳು. ಬಹುಮಟ್ಟಿಗೆ ಎಲ್ಲವೂ ಒಂದೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದುದನ್ನು ಕಂಡು, ಇವು ಕಾಣಿಕೆಯ ಬರೆಹಗಳಾಗಿರಬೇಕು, ಆ ಶಬ್ದವು ‘ದಾನಂ’ ಎಂದಿರಬೇಕು ಎಂದು ಅವನು ಊಹಿಸಿದನು. ಆ ದಾನಿಗಳು ವರ್ತಕರು, ಭಿಕ್ಷುಣಿಯರು, ಗೃಹಸ್ಥರು. ಸಾಮಾನ್ಯ ಜನರ ಕಾಣಿಕೆಯೇ ಚಕ್ರವರ್ತಿಯ ಆಜ್ಞೆಗೆ ಬಾಯಿ ಕೊಟ್ಟಿತು! ಪ್ರಿನ್ಸೆಪನಿಗೆ ನೆರವಾದವರಲ್ಲಿ ಸಂಘದ ಪಂಡಿತರಾದ ಕಮಲಾಕಾಂತ ವಿದ್ಯಾಲಂಕಾರರೂ ಒಬ್ಬರು. ಆದರೂ ಆ ಸಂಘವು ಭಾರತೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡುದು ೧೮೨೯ರಲ್ಲಿ. ಎಂದರೆ ನಲವತ್ತೈದು ವರ್ಷಗಳ ಕಾಲ ಈ ದೇಶದ ಇತಿಹಾಸವು ಈ ದೇಶದವರ ಸದಸ್ಯತ್ವವಿಲ್ಲದ ಸಭೆಯಲ್ಲಿ ವಿಚಾರಿಸಲ್ಪಡುತ್ತಿತ್ತು.

ಇನ್ನು ನಮ್ಮ ನಾಡಿಗೆ ಬರೋಣ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಅವರು ಪ್ರಕಟಿಸಿದ ಶಾಸನಗಳು ಸುಮಾರು ೯,೦೦೦. ಪ್ರಿಯದರ್ಶಿಯೇ ಅಶೋಕನೆಂಬ ನಿರ್ಣಯವು ಸಿಂಹಳದ ಗ್ರಂಥಗಳ ಆಧಾರದಿಂದ ಮೊದಲೇ ಆಗಿದ್ದಿತು. ಆದರೆ ಅಶೋಕನೆಂಬ ಹೆಸರೇ ಶಾಸನದಲ್ಲಿ ದೊರೆತುದು ರಾಯಚೂರು ಸೀಮೆಯ ಮಸ್ಕಿಯಲ್ಲಿ, ೧೯೧೫ರಲ್ಲಿ. ಕಂಡವನು ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಇಂಜಿನಿಯರನು. ಲಿಪಿಜ್ಞನಲ್ಲದಿದ್ದರೂ, ಬಂಡೆಯ ಮೇಲಣ ಗೀರುಗಳು ಬರೆಹವೆಂದೂ, ಬಲ್ಲವರಿಗೆ ತಿಳಿಸತಕ್ಕವೆಂದೂ ಅವನಿಗೆ ತೋರಿತು. ಸಭೆಯ ಫಲವೆಂದರೆ ಇಷ್ಟೇ: ಕಂಡವನಿಗೆ ಇದು ಹೇಳತಕ್ಕ ವಸ್ತುವೆಂದು ತೋರುವಂತೆ ಮಾಡುವುದು.

ತಾಳೆಗರಿಗಳ ವಿಷಯದಲ್ಲಿಯೂ ಇದೇ ನ್ಯಾಯ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ಪ್ರಸಿದ್ಧವಾಗಿದ್ದಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅದರ ಓಲೆಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಆಂಗ್ಲಾನುವಾದವನ್ನೂ ಪ್ರಕಟಿಸಿದರು. ಶಾಸ್ತ್ರಿಗಳ ಕೀರ್ತಿಯು ಖಂಡಾಂತರಗಳಿಗೆ ಹಬ್ಬಿತು. ಓಲೆಯನ್ನು ತಂದ ಪಂಡಿತರ ಹೆಸರು ಲೋಕಪ್ರಸಿದ್ಧವಾಗಲಿಲ್ಲ. ಆ ಮಹನೀಯರು ಅದನ್ನು ಅಟ್ಟದ ಮೇಲೆಯೇ ಬಿಟ್ಟಿದ್ದರೆ ಗೆದ್ದಲಿನ ಪಾಂಡಿತ್ಯಕ್ಕೆ ಎದುರೇ ಇರುತ್ತಿರಲಿಲ್ಲ.

ಅದೇ ೧೯೦೯ರಲ್ಲಿ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯು ಸ್ಥಾಪಿತವಾಯಿತು. ಐ. ಸಿ. ಎಸ್. ಅಧಿಕಾರಿಯಾದ ಎಫ್. ಜೆ. ರಿಚರ್ಡ್ಸ್ ಅದರ ಆರಂಭಕರು. ಫಾದರ್ ಟಬಾರ್ಡ್ ಬಹುಕಾಲ ಅಧ್ಯಕ್ಷರು. ಮೈಸೂರು ಸರ್ಕಾರದ ನೆರವಿನಿಂದ ಅದಕ್ಕೆ ಡೇಲಿ ಸ್ಮಾರಕ ಭವನವು ಒದಗಿತು. ಅಲ್ಲಿಯ ಕ್ರಮವು ಅನುಕರಣೀಯವಾದುದು. ವಿದ್ವಾಂಸರು ಸಭೆಯಲ್ಲಿ ಉಪನ್ಯಾಸ ಮಾಡುವರು. ಅಂತಹ ಉಪನ್ಯಾಸಗಳು ತ್ರೈಮಾಸಿಕ ಪತ್ರಿಕೆಯಲ್ಲಿ ಅಚ್ಚಾಗುವುವು. ಹೀಗೆ ಲೇಖನವು ಮುದ್ರಣಕ್ಕೆ ಹೋಗುವ ಮೊದಲೇ ಶ್ರೋತೃಗಳ ಕಿವಿಗೆ ಬೀಳುವುದರಿಂದ ಆಗುವ ಲಾಭವನ್ನು ಶಾಸ್ತ್ರವಾದವನ್ನು ಬಲ್ಲವರು ಅರಿಯರೇ? ಪೂರ್ವಪಕ್ಷವಿಲ್ಲದ ಸಿದ್ಧಾಂತವು ಗಟ್ಟಿಯಾಗದು. ಆದರೆ ಅಲ್ಲಿಯ ಆರಂಭದ ವ್ಯವಹಾರವು ಆಂಗ್ಲಭಾಷೆಯಲ್ಲಿಯೇ ನಡೆಯಿತಾಗಿ, ಶಾಸನಗಳಿರುವ ಹಳ್ಳಿಗಳಿಗೆ ಅದರ ಧ್ವನಿಯು ಮುಟ್ಟಲು ಬಹುಕಾಲ ಹಿಡಿಯಿತು.

ಧಾರವಾಡದಲ್ಲಿ ಕಾರ್ಯವು ಬೇರೆ ದಿಕ್ಕಿನಿಂದ ಮೊದಲಾಯಿತು. ೧೯೦೫ರಲ್ಲಿ ಹಂಪೆಯನ್ನು ಕಂಡ ಆಲೂರ ವೆಂಕಟರಾಯರ ಮನಸ್ಸಿನಲ್ಲಿ ಕರ್ನಾಟಕವೆಂಬ ಭಾವನೆಯು ಮೂರ್ತಿಗೊಂಡಿತು. ೧೯೧೪ರಲ್ಲಿ ಅವರ ಯತ್ನದಿಂದ ಇತಿಹಾಸ ಮಂಡಲವು ಹುಟ್ಟಿತು. ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವು ಹೊರಬಂದಿತು. ವಿಜಯನಗರದ ಸ್ಥಾಪನೆಯ ಆರುನೂರನೆಯ ವರ್ಷವಾದ ೧೯೩೬ರಲ್ಲಿ ಉತ್ಸವವೂ ನಡೆಯಿತು, ವಿದ್ವಾಂಸರ ಲೇಖನಗಳ ಸ್ಮಾರಕ ಸಂಪುಟವೂ ಧಾರವಾಡದಿಂದ ಪ್ರಕಟವಾಯಿತು. ಸಭೆಯೂ ಗ್ರಂಥವೂ ಕೈಹಿಡಿದು ನಡೆದುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ದುರ್ಲಭ. ಅಭಿಮಾನವೇ ಬೀಜವಾಗಿದ್ದರೂ ಫಲವು ಪ್ರಮಾಣದಿಂದ ಪಕ್ವವಾಗಬೇಕು. ಸಂಗಮನ ಮಕ್ಕಳ ಮೂಲವು ಕನ್ನಡವೋ ತೆಲುಗೋ ಎಂಬ ವಾದವು ಆ ಕಾಲದಲ್ಲಿ ತೀವ್ರವಾಗಿದ್ದಿತು. ಇಂತಹ ವಿಷಯವನ್ನು ಸಭೆಯ ಮುಂದಿಡುವವನು ತನಗೆ ಪ್ರಿಯವಾದ ಪಕ್ಷವನ್ನು ಮಾತ್ರ ಹೇಳಿದರೆ ಕರತಾಡನವು ದೊರೆಯುವುದೇ ಹೊರತು ಇತಿಹಾಸವು ದೊರೆಯದು. ಸಂಶೋಧನೆಗೆ ಸಭೆಯು ಬೇಕಾದಂತೆ ಸಭೆಗೂ ಸಂಶೋಧನೆಯು ಬೇಕು.

ಬೆಂಗಳೂರಿನ ಹೆಸರಿನ ಕಥೆಯನ್ನು ಬಲ್ಲದವರಿಲ್ಲ. ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ಉಂಡುದರಿಂದ ಬೆಂದಕಾಳೂರಾಯಿತಂತೆ. ಬೇಗೂರಿನ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ. ಶ. ೮೯೦ರದೆಂದು ಎಣಿಸಲ್ಪಡುವ ಒಂದು ವೀರಗಲ್ಲಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಬುಟ್ಟನಶೆಟ್ಟಿ ಎಂಬವನು ಮಡಿದುದನ್ನು ಅದು ಹೇಳುತ್ತದೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷಗಳ ಮೊದಲೇ ಊರಿಗೆ ಆ ಹೆಸರಿದ್ದಿತೆಂದ ಮೇಲೆ ಕಥೆಯು ನಿಲ್ಲದು. ಆದರೂ ಕಥೆಯನ್ನು ಹೇಳಿದ ಅಜ್ಜಿಯನ್ನು ಹೀಯಾಳಿಸಿ ಶಾಸನವನ್ನು ಹೊಗಳಿದರೆ ಸಭೆಯು ಎದ್ದು ಹೋಗುತ್ತದೆ. ಕಥೆಯನ್ನು ಕಥೆಯಾಗಿ ಆದರಿಸಿ, ಅನಂತರ ಕಲ್ಲಿನೆಡೆಗೆ ಜನರನ್ನು ಕರೆದೊಯ್ದು, ‘ಬೆಂಗುಳೂರು’ ಎಂಬ ಅಕ್ಷರಗಳನ್ನು ಬೆರಳಿಟ್ಟು ತೋರಿಸಬೇಕು. ಒಮ್ಮೆ ಕಂಡವನು ಆ ಕಲ್ಲನ್ನು ಮರೆಯನು.

ಈ ಮಾತು ಕೇವಲ ವಿನೋದಕ್ಕಾಗಿ ಹೇಳಿದುದಲ್ಲ. ನಗರಗಳು ಬೆಳೆದಂತೆ ಕೆರೆಗಳೊಡನೆ ಏರಿಯ ಕಲ್ಲುಗಳೂ, ಹೊಲಗಳೊಡನೆ ಎಲ್ಲೆಯ ಕಲ್ಲುಗಳೂ ಕಾಣೆಯಾಗುತ್ತಿವೆ. ಬೆಂಗಳೂರು ಜಿಲ್ಲೆಯ ಶಾಸನಸಂಪುಟವು ೧೯೦೫ರಲ್ಲಿ ಅಚ್ಚಾಯಿತು. ಅದರಲ್ಲಿ ಹೇಳಿದ ಎಡೆಗಳಿಗೆ ಇಂದು ಹೋದವರು ಎಷ್ಟೋ ಕಡೆಗಳಲ್ಲಿ ಬರಿಗೈಯಿಂದ ಮರಳಬೇಕಾಗಿದೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. ೭೫೦ರ ಒಂದು ವೀರಗಲ್ಲು ಮೇಲೆದ್ದಿತು. ಊರಿಗಾಗಿ ಕಾದಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕವದು. ಕಲ್ಲಿನಲ್ಲಿ ಏನಿದೆಯೆಂದು ತಿಳಿದ ಕೂಡಲೆ ಅಲ್ಲಿಯ ನಿವಾಸಿಗಳಿಗೆ ಅವನು ತಮ್ಮ ಊರಿನವನಾದನು. ಕಲ್ಲಿಗೆ ರಕ್ಷಣೆಯೂ ಮಂಟಪವೂ ಆದುವು. ಅರ್ಥವನ್ನು ತಿಳಿಸುವವರಿಲ್ಲದಿದ್ದರೆ ಅದೇ ಕಲ್ಲು ಚರಂಡಿಯ ಹಾಸಾಗುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು? ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರು ಸುತ್ತಿನ ಶಾಸನಗಳ ಮೂರು ಆಯಾಮದ ಬಿಂಬಗಳನ್ನು ಯಂತ್ರಸಹಾಯದಿಂದ ತೆಗೆದಿಡುವ ಕಾರ್ಯವನ್ನು ಕೈಕೊಂಡಿದೆ. ಸವೆದ ಅಕ್ಷರಗಳೂ ಆ ಬಿಂಬಗಳಲ್ಲಿ ಸ್ಫುಟವಾಗುವುವು. ಇದು ಸ್ತುತ್ಯವಾದ ಕಾರ್ಯ. ಆದರೆ ಬಿಂಬವು ಉಳಿದು ಶಿಲೆಯು ಅಳಿದರೆ, ಊರಿನವರಿಗೆ ಉಳಿದುದೇನು?

ಅಧ್ಯಾಪಕವೃತ್ತಿಯಲ್ಲಿ ನಾನು ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಹಳ್ಳಿಯ ಶಾಲೆಯೊಂದರ ಹಿಂದೆ ವೀರಗಲ್ಲೊಂದಿದ್ದಿತು. ದನಗಳು ಅದಕ್ಕೆ ಮೈ ಉಜ್ಜುತ್ತಿದ್ದುವು. ಮಕ್ಕಳಿಂದ ಅದನ್ನು ತೊಳೆಯಿಸಿ, ಒದ್ದೆಯ ಕಾಗದವನ್ನು ಹೊದಿಸಿ, ಬ್ರಷಿನಿಂದ ಬಡಿದು, ಮಸಿಯ ಉಂಡೆಯನ್ನು ಒತ್ತಿದಾಗ, ಕರಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳು ಮೂಡಿದುವು. ತುರುಗಳನ್ನು ಮರಳಿಸುವಾಗ ಸತ್ತವನ ಕಥೆಯದು. ಸಂಜೆ ಮಕ್ಕಳು ಮನೆಗಳಲ್ಲಿ ಅದನ್ನು ಹೇಳಿದರು. ಮರುವಾರ ಆ ಕಲ್ಲಿಗೆ ಯಾರೋ ಎಣ್ಣೆ ಹಚ್ಚಿ ಹೂ ಏರಿಸಿದ್ದರು. ಎಣ್ಣೆಯಿಂದ ಅಕ್ಷರಗಳು ಮುಚ್ಚಿಹೋಗುವುವೆಂದು ತಿಳಿಯ ಹೇಳಬೇಕಾಯಿತು. ಆದರೆ ದನ ಕಟ್ಟುವುದು ತಾನಾಗಿಯೇ ನಿಂತಿತು. ಸರ್ಕಾರದ ಫಲಕವು ಮಾಡಲಾರದುದನ್ನು ಮಕ್ಕಳ ಮಾತು ಮಾಡಿತು.

ಆದಕಾರಣ ನಮ್ಮ ಜಿಲ್ಲೆಯ ಸಂಘಕ್ಕೆ ನನ್ನ ವಿಜ್ಞಾಪನೆಯು ಇದು. ಮಾಸಿಕ ಸಭೆಗಳಲ್ಲಿ ಕೆಲವನ್ನಾದರೂ ಶಾಸನವಿರುವ ಊರಿನಲ್ಲಿಯೇ ನೆರೆಯಿಸಬೇಕು. ಅಲ್ಲಿ ಶಾಸನವನ್ನು ಗಟ್ಟಿಯಾಗಿ ಓದಿ, ಸುಲಭವಾದ ಕನ್ನಡದಲ್ಲಿ ಅದರ ಅರ್ಥವನ್ನು ಹೇಳಬೇಕು. ಸಂದಿಗ್ಧವಾದುದನ್ನು ಸಂದಿಗ್ಧವೆಂದೇ ತಿಳಿಸಬೇಕು. ಊರಿನ ಹಿರಿಯರಿಂದ ಹೊಲಗದ್ದೆಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳಬೇಕು; ಶಾಸನದ ಎಲ್ಲೆಗಳು ಎಷ್ಟೋ ವೇಳೆ ಆ ಹೆಸರುಗಳಲ್ಲಿ ಇನ್ನೂ ಜೀವಿಸಿರುತ್ತವೆ, ಅವು ಯಾವ ಪುಸ್ತಕಭಂಡಾರದಲ್ಲಿಯೂ ದೊರೆಯುವುದಿಲ್ಲ. ಪಡಿಯಚ್ಚಿನ ಒಂದು ಪ್ರತಿಯನ್ನು ಅರ್ಥಸಹಿತವಾಗಿ ಅಲ್ಲಿಯ ಶಾಲೆಯ ಗೋಡೆಗೆ ತೂಗಹಾಕಿ ಬರಬೇಕು. ಇದಕ್ಕೆ ಬೇಕಾದುದು ಹೆಚ್ಚಿನ ಧನವಲ್ಲ. ಲಿಪಿ ಬಲ್ಲ ಒಬ್ಬರು, ಒಂದು ಭಾನುವಾರ, ಬಸ್ಸಿನ ಖರ್ಚು.

ದಾನ, ಪಾಲನೆ ಎಂಬೆರಡರಲ್ಲಿ ದಾನಕ್ಕಿಂತ ಪಾಲನೆಯೇ ಶ್ರೇಯಸ್ಕರವೆಂದು ನಮ್ಮ ಶಾಸನಗಳು ಮತ್ತೆ ಮತ್ತೆ ಸಾರುತ್ತವೆ. ದಾನವನ್ನು ಪೂರ್ವಿಕರು ಮಾಡಿ ಹೋದರು. ಪಾಲನೆಯು ನಮ್ಮ ಪಾಲಿಗೆ ಬಂದಿದೆ. ಅದು ಹತ್ತು ಮಂದಿ ವಿದ್ವಾಂಸರಿಂದ ಆಗತಕ್ಕದ್ದಲ್ಲ. ಕಲ್ಲಿನ ಪಕ್ಕದಲ್ಲಿ ಪ್ರತಿದಿನವೂ ನಡೆದಾಡುವವರಿಂದ ಆಗತಕ್ಕದ್ದು. ಅವರಿಗೆ ಅದರ ಮಾತನ್ನು ಕೇಳಿಸುವ ಕಾರ್ಯವನ್ನು ನಮ್ಮ ಸಂಘವು ಈ ವರ್ಷವೇ ಕೈಕೊಳ್ಳಲೆಂದು ಹಾರೈಸುತ್ತೇನೆ.