ವ್ಯಾಧಿ, ಪ್ರಯಾಣ ಮತ್ತು ದುಡಿಯುವವನ ಅನ್ನ

ಸಾಂಕ್ರಾಮಿಕ ವ್ಯಾಧಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರೋಗದ ಹುಟ್ಟು, ಮೃತರ ಸಂಖ್ಯೆ, ಸರ್ಕಾರದ ಕ್ರಮಗಳು, ವೈದ್ಯಶಾಸ್ತ್ರದ ಸಾಧನೆ ಇವುಗಳನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ಕಾಯಿಲೆ ಬಿದ್ದ ಕೂಲಿಕಾರನ ಆ ತಿಂಗಳ ಸಂಬಳ ಏನಾಯಿತು, ಗುಣಹೊಂದಿ ಹಿಂದಿರುಗಿದಾಗ ಅವನ ಕೆಲಸ ಅವನಿಗೆ ಉಳಿದಿತ್ತೇ ಎಂಬ ಪ್ರಶ್ನೆ ಆ ಪುಟಗಳಲ್ಲಿ ವಿರಳ. ಆದರೆ ರೋಗದ ಕಾಲದಲ್ಲಿ ಜನರು ಏಕೆ ಊರು ಬಿಟ್ಟು ಓಡುತ್ತಾರೆ, ಏಕೆ ಜ್ವರವನ್ನು ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಈ ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ. ಮುಂಬಯಿಯ ಪ್ಲೇಗಿನಿಂದ 2020ರ ಕೊರೋನಾದವರೆಗಿನ ನಮ್ಮ ದೇಶದ ಅನುಭವವು ಇದಕ್ಕೆ ಸಾಕಷ್ಟು ಆಧಾರವನ್ನು ಒದಗಿಸುತ್ತದೆ.

ಮಾಂಡ್ವಿಯಿಂದ ಹೊರಟ ಜನ

1896ರ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವಿಯೇಗಸ್. ಮಾಂಡ್ವಿಯು ಬಂದರಿಗೆ ಹೊಂದಿಕೊಂಡ ವ್ಯಾಪಾರಸ್ಥಳ. ಧಾನ್ಯದ ಉಗ್ರಾಣಗಳೂ ಜನನಿಬಿಡ ವಸತಿಗಳೂ ಒಂದರ ಮಗ್ಗುಲಲ್ಲಿ ಒಂದಿದ್ದವು. ಕೆಲವೇ ತಿಂಗಳಲ್ಲಿ ನಗರವೆಲ್ಲ ಭಯಗ್ರಸ್ತವಾಯಿತು. 1891ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ ಸುಮಾರು 8 ಲಕ್ಷ 20 ಸಾವಿರ. 1897ರ ಫೆಬ್ರವರಿಯ ಹೊತ್ತಿಗೆ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಗರವನ್ನು ತ್ಯಜಿಸಿದ್ದರು.

ಹೀಗೆ ಹೊರಟವರಲ್ಲಿ ಹತ್ತಿಗಿರಣಿಗಳ ಕಾರ್ಮಿಕರ ಪಾಲು ದೊಡ್ಡದು. ಅವರಲ್ಲಿ ಬಹುಮಂದಿ ರತ್ನಾಗಿರಿ, ಸಾತಾರಾ ಮುಂತಾದ ಜಿಲ್ಲೆಗಳಿಂದ ಬಂದವರು. ಅಂದಿನ ಗಿರಣಿಗಳಲ್ಲಿ ವೇತನವು ತಿಂಗಳಿಗೊಮ್ಮೆ, ಅದೂ ತಿಂಗಳು ಮುಗಿದು ಕೆಲವು ವಾರಗಳ ಅನಂತರ ಬಟವಾಡೆಯಾಗುತ್ತಿತ್ತು. ದುಡಿದ ಹಣ ಯಜಮಾನನ ಕೈಯಲ್ಲಿ ಬಾಕಿಯಾಗಿ ನಿಲ್ಲುತ್ತಿತ್ತು. ಹೇಳದೆ ಬಿಟ್ಟುಹೋದವನು ಆ ಬಾಕಿಯನ್ನೂ ಕಳೆದುಕೊಳ್ಳುತ್ತಿದ್ದನು. ಕಾರ್ಮಿಕನನ್ನು ಹಿಡಿದಿಡಲು ಇದಕ್ಕಿಂತ ಬಲವಾದ ಹಗ್ಗ ಬೇರೊಂದಿಲ್ಲವೆಂದು ಮಾಲೀಕರು ಭಾವಿಸಿದ್ದರು. ಪ್ಲೇಗ್ ಬಂದಾಗ ಆ ಹಗ್ಗ ಹರಿಯಿತು. ನಾಳೆ ಬದುಕಿರುವೆನೋ ಇಲ್ಲವೋ ಎಂದು ತಿಳಿಯದವನಿಗೆ ಮುಂದಿನ ತಿಂಗಳ ಸಂಬಳದಿಂದ ಏನು ಪ್ರಯೋಜನ? ಉಳಿದುಕೊಂಡ ಕಾರ್ಮಿಕರು ದಿನಗೂಲಿಯನ್ನು ಅಂದಂದೇ ಕೊಡಬೇಕೆಂದು ಕೇಳಿದರು. ಬೀದಿಯ ಮೂಲೆಗಳಲ್ಲಿ ಗಿರಣಿಗಳವರು ಒಬ್ಬರ ಮೇಲೊಬ್ಬರು ಕೂಲಿ ಏರಿಸಿ ಆಳುಗಳನ್ನು ಕರೆದೊಯ್ಯಬೇಕಾಯಿತು. ರೋಗದ ಉಪಟಳ ತಗ್ಗಿದ ಮೇಲೆ ತಿಂಗಳ ಬಟವಾಡೆಯ ಹಳೆಯ ಪದ್ಧತಿಯೇ ಮರಳಿತು. ಏಳು ಅಥವಾ ಹತ್ತು ದಿನಗಳೊಳಗೆ ವೇತನ ಪಾವತಿಯಾಗಬೇಕೆಂಬ ನಿಯಮಕ್ಕಾಗಿ 1936ರ ವೇತನ ಪಾವತಿ ಕಾಯ್ದೆಯವರೆಗೆ ಕಾಯಬೇಕಾಯಿತು.

ನಾಲ್ಕು ಸೆಕ್ಷನ್ನುಗಳ ಶಾಸನ

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆಯು ಜಾರಿಗೆ ಬಂದಿತು. ಮೂಲದಲ್ಲಿ ಅದು ಕೇವಲ ನಾಲ್ಕು ಸೆಕ್ಷನ್ನುಗಳ ಪುಟ್ಟ ಶಾಸನ. ರೈಲಿನಲ್ಲಿಯೂ ಇತರ ಮಾರ್ಗಗಳಲ್ಲಿಯೂ ಪ್ರಯಾಣ ಮಾಡುವವರನ್ನು ತಪಾಸಿಸುವ, ರೋಗವಿದೆಯೆಂದು ಸಂಶಯ ಬಂದವರನ್ನು ಪ್ರತ್ಯೇಕಿಸಿ ಇರಿಸುವ, ಹಡಗುಗಳನ್ನು ತಡೆದು ನಿಲ್ಲಿಸುವ ಅಧಿಕಾರಗಳನ್ನು ಅದು ಸರ್ಕಾರಕ್ಕೆ ನೀಡಿತು. ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗೆ ರಕ್ಷಣೆಯನ್ನೂ ಒದಗಿಸಿತು. ವೇತನ ಎಂಬ ಮಾತು ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಶಿಬಿರದಲ್ಲಿ ತಡೆಹಿಡಿಯಲ್ಪಟ್ಟವನ ಕುಟುಂಬ ಅಷ್ಟು ದಿನ ಏನನ್ನು ಉಣ್ಣಬೇಕು ಎಂಬುದನ್ನು ಶಾಸನವು ಯೋಚಿಸಿರಲಿಲ್ಲ. ಆದ್ದರಿಂದಲೇ ಜನರು ಕಾಯಿಲೆಯವರನ್ನು ಅಟ್ಟದ ಮೇಲೆ ಬಚ್ಚಿಟ್ಟರು, ತಪಾಸಣೆಯ ನಿಲ್ದಾಣ ಬರುವ ಮೊದಲೇ ಇಳಿದು ಕಾಲುದಾರಿ ಹಿಡಿದರು ಎಂದರೆ ಅವರನ್ನು ಅಜ್ಞಾನಿಗಳೆಂದು ಮಾತ್ರ ಜರೆಯುವುದು ನ್ಯಾಯವಲ್ಲ. ಆಸ್ಪತ್ರೆಯ ಭಯ, ಜಾತಿಮರ್ಯಾದೆಯ ಅಂಜಿಕೆ ಇವುಗಳ ಜೊತೆಗೆ ಹೊಟ್ಟೆಯ ಚಿಂತೆಯೂ ಇತ್ತು.

ಇಷ್ಟೆಲ್ಲ ತಪಾಸಣೆ ನಡೆದರೂ ರೋಗ ನಿಲ್ಲಲಿಲ್ಲ. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟವೆಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯ ಪ್ರಯೋಗದಿಂದ ತೋರಿಸಿದರು. ಪ್ರಯಾಣಿಕನ ಕಂಕುಳನ್ನು ಮುಟ್ಟಿ ನೋಡುತ್ತಿದ್ದವರ ಕಣ್ಣೆದುರಿಗೇ ಧಾನ್ಯದ ಚೀಲಗಳಲ್ಲಿ, ಬಟ್ಟೆಯ ಗಂಟುಗಳಲ್ಲಿ ರೋಗವು ದಾಟಿಹೋಗಿತ್ತು. ರೈಲುದಾರಿಯನ್ನು ಅನುಸರಿಸಿ ಅದು ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಪ್ರವೇಶಿಸಿತು. ಊರಿನ ಹೊರಗೆ ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದುದು ಈ ಆಘಾತದ ಫಲವಾಗಿ.

1918ರ ಪಾಠ

ಪ್ಲೇಗಿಗಿಂತ ಘೋರವಾದ ಇನ್‌ಫ್ಲುಯೆಂಜಾ ಇಪ್ಪತ್ತು ವರ್ಷಗಳ ಅನಂತರ ಮತ್ತೆ ಮುಂಬಯಿ ಬಂದರಿನ ಮೂಲಕವೇ ಬಂದಿತು. 1918ರ ಜೂನ್ 10ರಂದು ಬಂದರು ಕಾವಲಿನ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಬಳಿಕ ಹಡಗು ಕಂಪನಿ, ಪೋರ್ಟ್ ಟ್ರಸ್ಟ್, ಟಂಕಸಾಲೆ, ಗಿರಣಿ ಹೀಗೆ ಒಂದು ಕಾರ್ಯಸ್ಥಳದಿಂದ ಇನ್ನೊಂದಕ್ಕೆ ರೋಗ ಸಾಗಿತು. ಅದೇ ವರ್ಷದ ಶರತ್ಕಾಲದಲ್ಲಿ ರೈಲುಗಳು ಅದನ್ನು ದೇಶದ ಮೂಲೆಮೂಲೆಗೆ ಒಯ್ದವು. ಭಾರತದಲ್ಲಿ ಸತ್ತವರ ಸಂಖ್ಯೆ 1 ಕೋಟಿ 20 ಲಕ್ಷದಿಂದ 2 ಕೋಟಿಯ ಸಮೀಪದವರೆಗೆ ಇದ್ದಿರಬಹುದೆಂದು ಅಂದಾಜು. ಈ ವ್ಯಾಧಿಗೆ ಇಲಿಯೂ ಬೇಡ, ಚಿಗಟವೂ ಬೇಡ, ಉಸಿರೇ ವಾಹನ. ಜ್ವರವಿದ್ದರೂ ಒಂದು ದಿನದ ಕೂಲಿ ತಪ್ಪೀತೆಂದು ಕೆಲಸಕ್ಕೆ ಬಂದವನು ತನ್ನ ಪಕ್ಕದಲ್ಲಿ ನಿಂತವನಿಗೆ ರೋಗವನ್ನು ಹಂಚುತ್ತಿದ್ದನು. ಅಂಥವನಿಗೆ ಮನೆಯಲ್ಲಿರಲು ಅನುಕೂಲ ಮಾಡಿಕೊಡುವುದು ಅವನೊಬ್ಬನಿಗೆ ತೋರಿದ ದಯೆ ಮಾತ್ರವಲ್ಲ, ಸುತ್ತಲಿನ ಸಮಸ್ತರ ರಕ್ಷಣೆಯೂ ಹೌದು.

ಸ್ವತಂತ್ರ ಭಾರತದ ಹೆಜ್ಜೆ

ಕಾರ್ಮಿಕರ ಕಾಯಿಲೆಯ ವಿಮೆಯನ್ನು ಕುರಿತು ಪ್ರೊ. ಬಿ. ಪಿ. ಅಡಾರ್ಕರ್ 1944ರಲ್ಲಿ ವರದಿಯನ್ನು ಸಲ್ಲಿಸಿದರು. ಅದರ ಆಧಾರದ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ ರೂಪುಗೊಂಡು, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. ಮಾಲೀಕ ಮತ್ತು ನೌಕರ ಇಬ್ಬರೂ ವಂತಿಗೆ ಕಟ್ಟುವ ಈ ವ್ಯವಸ್ಥೆಯಲ್ಲಿ ಕಾಯಿಲೆಯ ಕಾಲಕ್ಕೆ ವೇತನದ ಶೇಕಡಾ 70ರಷ್ಟು ಭತ್ಯೆಯನ್ನು ವರ್ಷಕ್ಕೆ 91 ದಿನಗಳವರೆಗೆ ನೀಡುವ ಕ್ರಮ ಕಾಲಕ್ರಮದಲ್ಲಿ ನೆಲೆಗೊಂಡಿತು. 2019ರ ಜುಲೈಯಿಂದ ವಂತಿಗೆಯನ್ನು ಮಾಲೀಕನ ಪಾಲಿಗೆ ಶೇಕಡಾ 3.25, ನೌಕರನ ಪಾಲಿಗೆ ಶೇಕಡಾ 0.75ಕ್ಕೆ ಇಳಿಸಲಾಯಿತು. ಕಾಯ್ದೆಯ 73ನೆಯ ಸೆಕ್ಷನ್ನು ಇದಕ್ಕಿಂತಲೂ ಮಹತ್ವದ್ದು: ಕಾಯಿಲೆಯ ಭತ್ಯೆ ಪಡೆಯುತ್ತಿರುವ ನೌಕರನನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು, ಶಿಕ್ಷಿಸಲೂ ಬಾರದು ಎಂದು ಅದು ವಿಧಿಸಿತು. 1897ರ ಶಾಸನದಲ್ಲಿ ಖಾಲಿ ಉಳಿದಿದ್ದ ಸ್ಥಳವು ಅರ್ಧ ಶತಮಾನದ ಬಳಿಕ ಹೀಗೆ ತುಂಬಿತು.

ಆದರೆ ಪೂರ್ತಿಯಾಗಿ ತುಂಬಲಿಲ್ಲ. 1953ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿಸಿದ ವ್ಯಾಖ್ಯಾನದಲ್ಲಿ, ದೀರ್ಘ ಅನಾರೋಗ್ಯದ ಕಾರಣದಿಂದ ಕೆಲಸಗಾರನನ್ನು ಬಿಡಿಸಿದರೆ ಅದು ಪರಿಹಾರ ನೀಡಬೇಕಾದ ‘ಛಾಂಟಿ’ ಅಲ್ಲ ಎಂಬ ಸ್ಥಿತಿ ಉಂಟಾಯಿತು. ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಅಂಗಡಿಯ ನೌಕರನಿಗೂ ಕಾಯಿಲೆ ಮುಂತಾದ ಕಾರಣಗಳಿಗೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆಯನ್ನು ವಿಧಿಸಿತು. ಆದರೂ ಕಟ್ಟಡದ ಕೂಲಿ, ಹಮಾಲಿ, ಮನೆಗೆಲಸ, ಅಡುಗೆ ಮುಂತಾದ ಕಸುಬಿನ ಕೋಟ್ಯಂತರ ಜನ ಈ ಎಲ್ಲ ಆಸರೆಗಳ ಹೊರಗೇ ಉಳಿದರು.

2020ರ ವಸಂತ

2020ರ ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಗಳ ಮುನ್ಸೂಚನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಈ ಕೊರತೆ ಎಲ್ಲರ ಕಣ್ಣಿಗೂ ಕಂಡಿತು. ರೈಲು ಬಸ್ಸುಗಳಿಲ್ಲದ ಹೆದ್ದಾರಿಯಲ್ಲಿ ಕೂಲಿಕಾರರು ಮಕ್ಕಳನ್ನು ಹೊತ್ತು ನಡೆದರು. ಮುಚ್ಚಿದ ಅವಧಿಗೂ ಕಡಿತವಿಲ್ಲದೆ ಸಂಬಳ ಕೊಡಬೇಕೆಂದು ಕೇಂದ್ರ ಗೃಹ ಇಲಾಖೆ ಮಾರ್ಚ್ 29ರಂದು ಆಜ್ಞೆ ಹೊರಡಿಸಿತು. ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು ಮಾಲೀಕರೂ ಕಾರ್ಮಿಕರೂ ಮಾತುಕತೆಯಿಂದ ಇತ್ಯರ್ಥ ಮಾಡಿಕೊಳ್ಳಬೇಕೆಂದು ಸೂಚಿಸಿತು. ಶ್ರಮಿಕ ರೈಲುಗಳು ಮೇ 1ರಿಂದ ಓಡತೊಡಗಿದವು. ಕರ್ನಾಟಕದಲ್ಲಿ ಕಟ್ಟಡ ನಿರ್ಮಾಣಗಾರರೊಡನೆ ಸಭೆ ನಡೆದ ಬಳಿಕ ಸರ್ಕಾರವು ಆ ರೈಲುಗಳು ಬೇಡವೆಂದು ತಿಳಿಸಿ, ತೀವ್ರ ಆಕ್ಷೇಪಣೆ ಬಂದ ಮೇಲೆ ಒಂದೆರಡು ದಿನಗಳಲ್ಲಿ ಆ ನಿರ್ಧಾರವನ್ನು ಬದಲಿಸಿತು. ದುಡಿಯುವವನನ್ನು ಊರಿಗೆ ಹೋಗದಂತೆ ತಡೆಯುವುದಕ್ಕೂ, ಅವನು ಇದ್ದಲ್ಲಿಯೇ ನಿಶ್ಚಿಂತೆಯಿಂದ ಇರುವಂತೆ ಮಾಡುವುದಕ್ಕೂ ಇರುವ ಅಂತರವನ್ನು ಈ ಪ್ರಸಂಗ ತೋರಿಸುತ್ತದೆ.

ಚರಿತ್ರೆಯ ಈ ಲೆಕ್ಕವನ್ನು ಒಟ್ಟುಗೂಡಿಸಿದರೆ ದೊರೆಯುವ ಶೇಷ ಸ್ಪಷ್ಟ. ಪ್ರಯಾಣವನ್ನು ನಿರ್ಬಂಧಿಸುವುದು ಕೆಲವೊಮ್ಮೆ ಅನಿವಾರ್ಯ. ಆದರೆ ಆ ನಿರ್ಬಂಧದ ವೆಚ್ಚವನ್ನು ಬಡವನ ಹೆಸರಿಗೇ ಖರ್ಚು ಬರೆದರೆ ಅವನು ಅದನ್ನು ಪಾಲಿಸಲಾರನು. ಅಂಗಡಿಯ ಗುಮಾಸ್ತ, ಉಗ್ರಾಣದ ಹಮಾಲಿ, ಯಾತ್ರಾಸ್ಥಳದ ಭೋಜನಶಾಲೆಯ ಅಡುಗೆಯವನು, ಬಸದಿಯ ಕಾವಲುಗಾರ ಇವರೆಲ್ಲರಿಗೂ ಇದು ಅನ್ವಯಿಸುತ್ತದೆ. ನೂರಾರು ಯಾತ್ರಿಕರಿಗೆ ಬಡಿಸುವ ಕೈಗೆ ಜ್ವರ ಬಂದಾಗ ಆ ಕೈಯವನು ಅದನ್ನು ಧೈರ್ಯವಾಗಿ ಹೇಳಬಲ್ಲನೇ ಎಂಬುದನ್ನು ಪ್ರತಿಯೊಂದು ಟ್ರಸ್ಟೂ ತನ್ನ ವ್ಯವಸ್ಥೆಯನ್ನು ನೋಡಿ ನಿರ್ಧರಿಸಿಕೊಳ್ಳಬೇಕು. ಕಾಯಿಲೆಯ ರಜೆಗೆ ಸಂಬಳ, ಗುಣಹೊಂದಿ ಬಂದವನಿಗೆ ಅದೇ ಕೆಲಸ, ಬದಲಿ ಆಳಿಗೆಂದು ವಾರ್ಷಿಕ ಅಂದಾಜುಪಟ್ಟಿಯಲ್ಲಿ ಒಂದಿಷ್ಟು ಮೊತ್ತ ಇವು ಮೂರನ್ನು ಲಿಖಿತ ನಿಯಮವಾಗಿ ಮಾಡಿಡುವುದು ಕಷ್ಟದ ಮಾತಲ್ಲ. ರೋಗವು ಬಾಗಿಲಿಗೆ ಬಂದ ದಿನ ಅವಸರದಿಂದ ತೋರುವ ಕನಿಕರಕ್ಕಿಂತ, ಆರೋಗ್ಯದ ದಿನಗಳಲ್ಲಿ ಮಾಡಿಟ್ಟ ಇಂಥ ಏರ್ಪಾಡು ಹೆಚ್ಚು ಜೀವಗಳನ್ನು ಉಳಿಸುತ್ತದೆ.