ವಿಕ್ರಾಂತ: ತೇಲುವ ವಿಮಾನನೆಲೆಯ ಕಥೆ

ಹೋಬೋಕನ್ನಿನಿಂದ ಹಡ್ಸನ್ ನದಿಯನ್ನು ದಾಟಿದರೆ ಮ್ಯಾನ್‌ಹಟನ್ನಿನ ದಡದಲ್ಲಿ 'ಇಂಟ್ರೆಪಿಡ್' ಕಾಣಸಿಗುತ್ತದೆ. 1943ರಲ್ಲಿ ಸೇವೆಗೆ ಸೇರಿ ಪೆಸಿಫಿಕ್ ಸಾಗರದಲ್ಲಿ ಕಾದಾಡಿದ ಈ ವಿಮಾನವಾಹಕ ನೌಕೆ 1982ರಿಂದ ವಸ್ತುಸಂಗ್ರಹಾಲಯವಾಗಿದೆ. ಈ ಸಂದರ್ಭದಲ್ಲಿ ನಮ್ಮ 'ವಿಕ್ರಾಂತ'ವನ್ನೂ ನೆನೆಯುವುದು ಉಚಿತ.

ವಿಮಾನವಾಹಕದ ಬಲವಿರುವುದು ಫಿರಂಗಿಗಳಲ್ಲಲ್ಲ, ವಿಮಾನನೆಲೆಯನ್ನೇ ರಣರಂಗದ ಸಮೀಪಕ್ಕೆ ಒಯ್ಯುವ ಸಾಮರ್ಥ್ಯದಲ್ಲಿ. ಕಿರಿದಾದ ಡೆಕ್ಕಿನಿಂದ ವಿಮಾನ ಮೇಲೇರಲು ನೌಕೆಯು ಗಾಳಿಗೆದುರಾಗಿ ವೇಗವಾಗಿ ಸಾಗಬೇಕು. 1971ರಲ್ಲಿ ವಿಕ್ರಾಂತದ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟು, ಆ ವೇಗವೇ ಕುಂಠಿತವಾಗಿತ್ತು. ಆದರೂ ನೌಕಾಪಡೆ ಅದನ್ನು ಬಂಗಾಳ ಕೊಲ್ಲಿಯಲ್ಲಿ ಯುದ್ಧಕ್ಕಿಳಿಸಿತು. ಡಿಸೆಂಬರ್ 4ರಂದು ಅದರ ಸೀಹಾಕ್ ವಿಮಾನಗಳು ಕಾಕ್ಸ್ ಬಜಾರ್ ಹಾಗೂ ಚಿತ್ತಗಾಂಗ್‌ಗಳ ಮೇಲೆ ಎರಗಿದವು. ದಾಳಿಗಳು ಮುಂದುವರಿದಂತೆ ಪೂರ್ವ ಪಾಕಿಸ್ತಾನದಲ್ಲಿದ್ದ ಪಾಕ್ ಸೇನೆಗೆ ಸಮುದ್ರದ ದಾರಿ ಮುಚ್ಚಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಆ ಸೇನೆ ಶರಣಾಯಿತು. ಭೂಸೇನೆ, ವಾಯುಪಡೆಗಳ ಆ ವಿಜಯದಲ್ಲಿ ಕುಂಟುವ ಹಡಗೊಂದರ ಪಾಲೂ ಇತ್ತು.

1997ರಲ್ಲಿ ನಿವೃತ್ತವಾದ ವಿಕ್ರಾಂತ ಕೆಲವು ವರ್ಷ ಮುಂಬಯಿಯಲ್ಲಿ ಸಂಗ್ರಹಾಲಯವಾಗಿದ್ದು, 2014ರಲ್ಲಿ ಗುಜರಿಗೆ ಸಂದಿತು. ಅದೇ ವರ್ಷದ ಜನವರಿಯಲ್ಲಿ 'ವಿಕ್ರಮಾದಿತ್ಯ' ನಮ್ಮ ಕಾರವಾರದ ಕದಂಬ ನೌಕಾನೆಲೆಗೆ ಆಗಮಿಸಿತ್ತು. ಕೊಚ್ಚಿಯಲ್ಲಿ ನಿರ್ಮಿತವಾದ ಹೊಸ ನೌಕೆಯೊಂದು ವಿಕ್ರಾಂತದ ಹೆಸರನ್ನು ಹೊತ್ತು 2022ರಲ್ಲಿ ಸೇವೆಗೆ ಸೇರಿತು. ಹಳೆಯ ಹಡಗನ್ನು ಮುಟ್ಟಿ ನೋಡುವ ಭಾಗ್ಯ ನಮ್ಮ ಮಕ್ಕಳಿಗಿಲ್ಲ. ಅದರ ಕಥೆಯನ್ನು ಹೇಳುವ ಹೊಣೆ ನಮ್ಮದು.