ವಾರ್ಡಿನ ಹೊಸ್ತಿಲಲ್ಲಿ ಮೊದಲ ದಿನ

ಪ್ರತಿವರ್ಷವೂ ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಿಂದ ಮಕ್ಕಳು ನರ್ಸಿಂಗ್ ಶಿಕ್ಷಣಕ್ಕೆಂದು ಹೊರಡುತ್ತಾರೆ. ಕೆಲಕಾಲದ ಪಾಠದ ನಂತರ ಅವರು ಮೊದಲ ಬಾರಿಗೆ ವಾರ್ಡಿಗೆ ಕಾಲಿಡುವ ದಿನ ಬರುತ್ತದೆ. ಅದರ ಹಿಂದಿನ ರಾತ್ರಿ ಮನೆಗೆ ಬರುವ ಫೋನಿನಲ್ಲಿ ಮಗಳ ದನಿ ಸಣ್ಣದಾಗಿರುತ್ತದೆ. ರೋಗಿಯನ್ನು ಮುಟ್ಟುವಾಗ ಕೈ ನಡುಗಿದರೆ? ಎಲ್ಲರೆದುರು ಸಿಸ್ಟರ್ ಗದರಿದರೆ? "ಧೈರ್ಯವಾಗಿರು, ಪ್ರಾರ್ಥನೆ ಮಾಡು" ಎಂದು ಹೇಳಿ ನಾವು ಮಾತು ಮುಗಿಸುತ್ತೇವೆ. ಆದರೆ ಈ ಅಳುಕಿಗೂ ಒಂದು ಚರಿತ್ರೆಯಿದೆ. ಅದನ್ನು ಅರಿತವರು ಇದನ್ನು ಮಗಳ ದೌರ್ಬಲ್ಯವೆಂದು ಎಣಿಸಲಾರರು.

1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬ ಊರಿನಲ್ಲಿ ಪಾದ್ರಿ ಥಿಯೊಡೋರ್ ಫ್ಲೀಡ್ನರ್ ಮತ್ತು ಅವರ ಪತ್ನಿ ಫ್ರೀಡೆರಿಕೆ, ರೋಗಿಗಳ ಆರೈಕೆಗಾಗಿ ಸೇವಾಭಗಿನಿಯರನ್ನು ತರಬೇತುಗೊಳಿಸುವ ಸಂಸ್ಥೆಯನ್ನು ಆರಂಭಿಸಿದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಸುಮಾರು ಮೂರು ತಿಂಗಳು ಅಲ್ಲಿದ್ದು ಕಲಿತರು. ಮುಂದೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ತೆರೆಯಿತು. ಮೊದಲ ತಂಡದಲ್ಲಿ 15 ಮಂದಿ ಕಲಿಕೆಯ ದಾದಿಯರಿದ್ದರು. ಅವರಿಗೆ ಪೂರ್ವಸಿದ್ಧತೆಯ ತರಗತಿಗಳೆಂಬುದು ಇರಲಿಲ್ಲ. ನೇರವಾಗಿ ವಾರ್ಡಿಗಿಳಿದು, ದುಡಿಯುತ್ತಲೇ ಕಲಿಯಬೇಕಿತ್ತು. ಮೇಟ್ರನ್ ಸಾರಾ ವಾರ್ಡ್‌ರೋಪರ್ ಪ್ರತಿಯೊಬ್ಬಳ ಸಮಯಪಾಲನೆ, ಶಾಂತಸ್ವಭಾವ, ವಿಶ್ವಾಸಾರ್ಹತೆ, ಶುಚಿತ್ವಗಳನ್ನು ನಿಗದಿತ ಪಟ್ಟಿಯಲ್ಲಿ ದಾಖಲಿಸುತ್ತಿದ್ದರು. ಅಳುಕನ್ನು ಶಿಸ್ತೇ ಗೆಲ್ಲುತ್ತದೆಂಬುದು ಆ ಕಾಲದ ಭಾವನೆಯಾಗಿತ್ತೆಂದು ತೋರುತ್ತದೆ.

ಅದೇ ಶಾಲೆಯಲ್ಲಿ ಕಲಿತ ರೆಬೆಕಾ ಸ್ಟ್ರಾಂಗ್ ಈ ಕ್ರಮವನ್ನು ಬದಲಿಸಿದರು. ಗ್ಲಾಸ್ಗೋದ ರಾಯಲ್ ಇನ್‌ಫರ್ಮರಿಯ ಮೇಟ್ರನ್ ಆಗಿದ್ದ ಅವರು, ಶಸ್ತ್ರವೈದ್ಯ ವಿಲಿಯಂ ಮೆಕ್ಯೂಯನ್ ಅವರ ಬೆಂಬಲದೊಂದಿಗೆ 1893ರಲ್ಲಿ, ವಾರ್ಡಿಗೆ ಹೋಗುವ ಮೊದಲೇ ಪಾಠ ಕಲಿಸುವ ವ್ಯವಸ್ಥೆಯನ್ನು ಜಾರಿಗೆ ತಂದರು. ಎರಡು ವರ್ಷಗಳ ನಂತರ ಲಂಡನ್ ಆಸ್ಪತ್ರೆಯೂ ಅಂತಹ ಪೂರ್ವಶಿಕ್ಷಣವನ್ನು ಆರಂಭಿಸಿತು.

ಆದರೂ ಪಾಠ ಕೇಳುವುದೇ ಬೇರೆ, ನೋವಿನಿಂದ ನರಳುವವರ ಮಗ್ಗುಲು ಬದಲಿಸುವುದೇ ಬೇರೆ. ಈ ಅಂತರವನ್ನು ತುಂಬಲು ನೆರವಾದದ್ದು ಒಂದು ಬೊಂಬೆ! ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಪಟ್ಟಣದಲ್ಲಿ ಮಾರ್ಥಾ ಜೆಂಕಿನ್ಸ್ ಚೇಸ್ ಎಂಬವರು ಮಕ್ಕಳಿಗಾಗಿ ಬಟ್ಟೆಯ ಬೊಂಬೆಗಳನ್ನು ಮಾಡುತ್ತಿದ್ದರು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಯ ಮುಖ್ಯಸ್ಥೆ ಅವರಲ್ಲಿ ಆಳೆತ್ತರದ ಬೊಂಬೆಯೊಂದನ್ನು ಕೇಳಿದರು. 1911ರಲ್ಲಿ ಸಿದ್ಧವಾದ ಆ ಬೊಂಬೆಯ ಕೈಕಾಲುಗಳ ಕೀಲುಗಳು ಮಡಚುತ್ತಿದ್ದವು. ಅದನ್ನು ಹಾಸಿಗೆಯಿಂದ ಎತ್ತಬಹುದಿತ್ತು, ಹೊರಳಿಸಬಹುದಿತ್ತು, ಉಡುಪು ಬದಲಿಸಬಹುದಿತ್ತು. ಕೆಲವೇ ವರ್ಷಗಳಲ್ಲಿ ತೋಳಿಗೆ ಇಂಜೆಕ್ಷನ್ ಚುಚ್ಚಿ ಅಭ್ಯಾಸ ಮಾಡುವ ಅನುಕೂಲವೂ ಸೇರಿತು. 'ಮಿಸೆಸ್ ಚೇಸ್' ಎಂದೇ ಹೆಸರಾದ ಈ ಮೌನ ರೋಗಿಗೆ ನೋವಾಗುತ್ತಿರಲಿಲ್ಲ, ಆಕೆ ಸಿಡುಕುತ್ತಲೂ ಇರಲಿಲ್ಲ. ನಡುಗುವ ಕೈ ಹತ್ತು ಬಾರಿ ತಪ್ಪಿ ಹನ್ನೊಂದನೆಯ ಬಾರಿ ಸರಿಮಾಡಲು ಅಲ್ಲಿ ಅವಕಾಶವಿತ್ತು. ಹೊಸಬಳ ಮೇಲೆ ಇದಕ್ಕಿಂತ ದೊಡ್ಡ ಕರುಣೆಯನ್ನು ಅಂದಿನ ಶಾಲೆಗಳು ತೋರಿದವೆಂದು ನನಗನಿಸದು.

ಕೈಯ ನಡುಕ ಅಭ್ಯಾಸದಿಂದ ಹೋಗುತ್ತದೆ, ಮನಸ್ಸಿನದು? 1960ರ ವೇಳೆಗೆ ಪ್ರಕಟವಾದ ಇಸಬೆಲ್ ಮೆನ್ಜೀಸ್ ಅವರ ಅಧ್ಯಯನ ಈ ಪ್ರಶ್ನೆಗೆ ಎದುರಾಯಿತು. ಲಂಡನ್ನಿನ ದೊಡ್ಡ ಬೋಧನಾ ಆಸ್ಪತ್ರೆಯೊಂದರಲ್ಲಿ ವಿದ್ಯಾರ್ಥಿ ದಾದಿಯರ ಸುಮಾರು ಮೂರನೆಯ ಒಂದು ಭಾಗ ತರಬೇತಿ ಮುಗಿಸದೆ ಹೊರಟುಹೋಗುತ್ತಿದ್ದರು. ಹೆಚ್ಚಿನವರು ತಾವಾಗಿಯೇ ಬಿಟ್ಟವರು. ಮೆನ್ಜೀಸ್ ಗಮನಿಸಿದ್ದೇನೆಂದರೆ, ಸಾವುನೋವುಗಳ ನಡುವಿನ ಕಳವಳದಿಂದ ಸಿಬ್ಬಂದಿಯನ್ನು ಕಾಪಾಡಲು ಆಸ್ಪತ್ರೆಯೇ ಹಲವು ಪದ್ಧತಿಗಳನ್ನು ಬೆಳೆಸಿಕೊಂಡಿತ್ತು. ಕೆಲಸವನ್ನು ಚೂರುಚೂರಾಗಿ ಹಂಚುವುದು, ಒಬ್ಬ ರೋಗಿಯ ಬಳಿ ಹೆಚ್ಚುಹೊತ್ತು ನಿಲ್ಲಗೊಡದಿರುವುದು, ಹೆಸರಿನ ಬದಲು ಹಾಸಿಗೆಯ ಸಂಖ್ಯೆಯಿಂದಲೋ ಕಾಯಿಲೆಯಿಂದಲೋ ರೋಗಿಯನ್ನು ಗುರುತಿಸುವುದು, ವಿದ್ಯಾರ್ಥಿಗಳನ್ನು ಪದೇಪದೇ ವಾರ್ಡಿನಿಂದ ವಾರ್ಡಿಗೆ ವರ್ಗಾಯಿಸುವುದು. ಇವುಗಳಿಂದ ಕಳವಳ ಕಡಿಮೆಯಾಗಲಿಲ್ಲ. ರೋಗಿಯನ್ನು ಹತ್ತಿರದಿಂದ ಆರೈಕೆ ಮಾಡುವ ತೃಪ್ತಿಯೂ ಕೈತಪ್ಪಿತು. ಸಮರ್ಥರಾದವರೇ ಬೇಸತ್ತು ಹೊರಬಿದ್ದರು. ಅಂಜಿಕೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಅಲ್ಲಿ ಎಡೆಯೇ ಇರಲಿಲ್ಲ.

ನಮ್ಮ ನಾಡಿನ ಕತೆಯೂ ಇದಕ್ಕೆ ಹೊರತಲ್ಲ. 1909ರಲ್ಲಿ ಐಡಾ ಸ್ಕಡರ್ ಅವರು ವೆಲ್ಲೂರಿನಲ್ಲಿ ದಾದಿಯರ ಶಾಲೆ ತೆರೆದಾಗ, ಪರರ ಮೈತೊಳೆಯುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುವ ಕಾಲವಿತ್ತು. ಇಂದು ಬಿ.ಎಸ್ಸಿ. ನರ್ಸಿಂಗ್‌ನಲ್ಲಿ, 2021ರ ಪರಿಷ್ಕೃತ ಪಠ್ಯಕ್ರಮದಂತೆ, ಪ್ರಯೋಗಾಲಯದಲ್ಲಿ ಬೊಂಬೆಗಳ ಮೇಲಿನ ಕೌಶಲ ತರಬೇತಿಗೆಂದೇ ಸಮಯ ಮೀಸಲಿದೆ. ಮಿಸೆಸ್ ಚೇಸ್‌ಳ ಮೊಮ್ಮಕ್ಕಳೆನ್ನಬಹುದಾದ ಈ ಬೊಂಬೆಗಳಲ್ಲಿ ಕೆಲವಕ್ಕೆ ಈಗ ನಾಡಿಯೂ ಮಿಡಿಯುತ್ತದೆ, ಉಸಿರಾಟದ ಸದ್ದೂ ಕೇಳುತ್ತದೆ. ಆದರೆ ಮೆನ್ಜೀಸ್ ಕಂಡ ಕೊರತೆಯನ್ನು ಯಾವ ಬೊಂಬೆಯೂ ನೀಗಲಾರದು. ಅದಕ್ಕೆ ವಾರ್ಡಿನಲ್ಲಿ ಪಕ್ಕದಲ್ಲಿ ನಿಲ್ಲುವ ಶಿಕ್ಷಕಿ ಬೇಕು. ಡ್ಯೂಟಿ ಮುಗಿಸಿ ಬಂದವಳು ರಾತ್ರಿ ಫೋನ್ ಮಾಡಿದಾಗ, ಇಂದು ನೋಡಿಕೊಂಡ ರೋಗಿ ಯಾರು, ಆಕೆ ಏನು ಮಾತನಾಡಿದಳು ಎಂದು ಕೇಳಿ, ಉತ್ತರ ಮುಗಿಯುವವರೆಗೆ ಆಲಿಸುವ ತಾಯಿಯೋ ತಂದೆಯೋ ಬೇಕು.